ನಿಮ್ಮ ಕಾರ್ಡು ನಿಮ್ಮ ಟೇಬಲ್ ಮೇಲೇ ಸೋಲಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡುವ ತಮ್ಮಂದಿರಿಗೂ ತಂಗಿಯರಿಗೂ,



ಈ ಪತ್ರವನ್ನು ಒಂದು ಹಾರೈಕೆಯಿಂದ ಶುರು ಮಾಡುತ್ತೇನೆ. ನಿಮ್ಮ ಕಾರ್ಡು ಸೋಲಲಿ. ನಿಮ್ಮ ಕಣ್ಣೆದುರು, ನಿಮ್ಮ ಟೇಬಲ್ ಮೇಲೆ, ಬೇರೆ ಯಾರ ಕೆಲಸವೂ ಅದರೊಳಗೆ ಇಲ್ಲದ ಹೊತ್ತಿನಲ್ಲಿ ಸೋಲಲಿ. ಮನಸಾರೆ ಹೇಳುತ್ತಿದ್ದೇನೆ. ಹಾಗೆ ಸೋಲದೇ ಉಳಿದ ಕಾರ್ಡೊಂದು ಎಲ್ಲಿ ಹೋಗಿ ಸೋತಿತು ಎಂಬುದನ್ನು ನಾನು ನೋಡಿದ್ದೇನೆ. ಅದಕ್ಕೆ ಕಾರಣನೂ ನಾನೇ.

ಕುಷ್ಟಗಿಯಲ್ಲಿ ನನ್ನ ಗೆಳೆಯನೊಬ್ಬ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ಮೊದಲ ಮಹಡಿ, ಮೇಲೆ ತಗಡು, ಒಂದೇ ಖೋಲಿ. ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳಲ್ಲಿ ಅವನೊಂದು ಸೆಕೆಂಡ್ ಹ್ಯಾಂಡ್ ಕಾರ್ಡು ತಂದಿದ್ದ. ಸಂಜೆ ಕಿಟಕಿ ತೆರೆದು ಕೂತು ಅದರ ಕೋರ್ ವೇಗ 120 ಮೆಗಾಹರ್ಟ್ಸ್ ಏರಿಸಿದೆ, ಮೆಮೊರಿ 500 ಏರಿಸಿದೆ. ಇಪ್ಪತ್ತು ನಿಮಿಷ ಒಂದು ಟೆಸ್ಟ್ ಓಡಿಸಿದೆ. ಬಿಸಿ 68 ಡಿಗ್ರಿಗೆ ನಿಂತಿತು, ಪರದೆಯ ಮೇಲೆ ಒಂದು ಚುಕ್ಕಿಯೂ ಬರಲಿಲ್ಲ. "ಸ್ಟೇಬಲ್ ಐತಿ, ಹಚ್ಚು" ಅಂದೆ. ಅವನು ನನ್ನ ಮಾತು ನಂಬಿದ.

ಮೇ ತಿಂಗಳಲ್ಲಿ ಮದುವೆಗಳ ಸುಗ್ಗಿ. ಒಂದೊಂದು ವಿಡಿಯೊ ಎಕ್ಸ್‌ಪೋರ್ಟ್ ಆಗಲು ಐದೈದು ತಾಸು. ಯಾವುದೂ ಹ್ಯಾಂಗ್ ಆಗಲಿಲ್ಲ, ಎಲ್ಲವೂ ನೂರು ಪರ್ಸೆಂಟ್ ತೋರಿಸಿಯೇ ಮುಗಿದವು. ಮರುದಿನ ಇನ್ನೊಂದು ಮದುವೆ ಇದ್ದದ್ದರಿಂದ ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಿದ. ಹಾರ್ಡ್ ಡಿಸ್ಕ್ ತುಂಬಿತ್ತೆಂದು ಹಳೆಯ ಪ್ರಾಜೆಕ್ಟುಗಳನ್ನೂ ಅಳಿಸಿದ. ನಾಲ್ಕು ದಿನ ಬಿಟ್ಟು ಒಂದು ಮದುವೆಯ ಮದುಮಗಳ ಅಣ್ಣ ಪೆನ್ ಡ್ರೈವ್ ಹಿಡಿದು ಬಂದ. ಜಗಳ ತೆಗೆಯಲಿಲ್ಲ. ತಾನೇ ಮೌಸ್ ಹಿಡಿದು ಒಂದು ಜಾಗಕ್ಕೆ ಎಳೆದು, "ಇಲ್ಲಿ ನೋಡ್ರಿ ಅಣ್ಣಾರ" ಅಂದ.

ಅಕ್ಕಿಕಾಳಿನ ಹೊತ್ತು. ಬಾಜಾ ಭಜಂತ್ರಿ ಏರಿದೆ. ಕುರ್ಚಿಯ ಮೇಲೆ ಕೂರಿಸಿದ ಅಜ್ಜಿಯ ಕೈ ಮೇಲೇಳುತ್ತದೆ. ಮುಷ್ಟಿ ಬಿಚ್ಚಿ ಅರಿಶಿನದ ಅಕ್ಕಿ ಮದುಮಕ್ಕಳ ತಲೆಯ ಮೇಲೆ ಬೀಳಬೇಕು. ಆ ಗಳಿಗೆಗೆ ಸರಿಯಾಗಿ ಪರದೆಯ ಬಲಭಾಗವೆಲ್ಲ ಹಸಿರು ಚೌಕಗಳು. ಚೌಕಗಳು ಸರಿದಾಗ ಅಜ್ಜಿಯ ಕೈ ತೊಡೆಯ ಮೇಲಿದೆ. ಎರಡೂವರೆ ಸೆಕೆಂಡ್, ಅಷ್ಟೇ. ಮತ್ತೆ ತೆಗೆಯಲು ಮೂಲ ಚಿತ್ರ ಎಲ್ಲಿಯೂ ಇಲ್ಲ.

ಮರುದಿನ ಮಧ್ಯಾಹ್ನ ಮೂರಕ್ಕೆ ಅದೇ ಖೋಲಿಯಲ್ಲಿ ಕೂತೆ. ಒಳಗಿನ ಬಿಸಿ 41 ಡಿಗ್ರಿ. ಅದೇ ಕಾರ್ಡು, ಅದೇ ಸೆಟ್ಟಿಂಗ್. ಇಪ್ಪತ್ತು ನಿಮಿಷ ದಾಟಿತು, ಒಂದು ತಾಸು ದಾಟಿತು, ಕಾರ್ಡಿನ ಬಿಸಿ 84ಕ್ಕೆ ಹೋಗಿ ಕೂತಿತು. ಎರಡು ತಾಸು ನಲವತ್ತು ನಿಮಿಷಕ್ಕೆ ಮೊದಲ ಹಸಿರು ಚೌಕ ಕಂಡಿತು. ಜನವರಿಯಲ್ಲಿ ನಾನು "ಸ್ಟೇಬಲ್" ಎಂದದ್ದು ಜನವರಿಯ ಸಂಜೆಗಷ್ಟೇ ನಿಜವಾಗಿತ್ತು.

ಕಾರ್ಡು ತಯಾರಿಸುವವರು ಚಿಪ್ಪನ್ನು ಅದರ ಕೊನೆಯ ವೇಗಕ್ಕೆ ತಂದು ಮಾರುವುದಿಲ್ಲ. ಬಿಸಿ, ವಯಸ್ಸು, ಕೆಟ್ಟ ಕರೆಂಟು, ಇವಕ್ಕೆಂದು ಒಂದಿಷ್ಟು ಬಿಟ್ಟಿರುತ್ತಾರೆ. ಹೊಲದ ಬದು ಇದ್ದ ಹಾಗೆ. ಓವರ್‌ಕ್ಲಾಕ್ ಮಾಡುವುದೆಂದರೆ ಬದು ಸವರಿ ಎರಡು ಸಾಲು ಹೆಚ್ಚು ಬಿತ್ತುವುದು. ಎಸಿ ಹಾಕಿದ 22 ಡಿಗ್ರಿಯ ಖೋಲಿಯಲ್ಲಿ ಕೂತವನಿಗೆ ಅದು ನಡೆದೀತು, ಅವನ ಹೊಲಕ್ಕೆ ದೊಡ್ಡ ಮಳೆ ಬರುವುದೇ ಇಲ್ಲ. ನಮ್ಮಲ್ಲಿ ಬೇಸಿಗೆಗೆ ಬಿಸಿಲು 40 ದಾಟುತ್ತದೆ. ಖೋಲಿಯ ಬಿಸಿ ಹದಿನೈದು ಡಿಗ್ರಿ ಏರಿದರೆ, ಫ್ಯಾನಿನ ವೇಗ ಹೆಚ್ಚದಿದ್ದರೆ, ಚಿಪ್ಪಿನ ಬಿಸಿಯೂ ಸುಮಾರು ಅಷ್ಟೇ ಏರುತ್ತದೆ. ಬಿಸಿಯಾದ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಅದೇ ವೋಲ್ಟೇಜಿನಲ್ಲಿ ನಿಧಾನವಾಗುತ್ತದೆ. ಮುಂದಿನ ಗಡಿಯಾರದ ಬಡಿತಕ್ಕೆ ಮೊದಲು ತಲುಪಬೇಕಾದ ಲೆಕ್ಕ ತಡವಾಗಿ ತಲುಪುತ್ತದೆ, ಒಂದು ಇರಬೇಕಾದಲ್ಲಿ ಸೊನ್ನೆ ಓದಿಕೊಳ್ಳುತ್ತದೆ. ಆ ಬದು ಯಾರಿಗಾಗಿ ಇತ್ತು ಎಂದು ಕೇಳಿದರೆ, ನಮ್ಮಂಥ ಊರಿನವರಿಗಾಗಿಯೇ ಇತ್ತು.

ಇನ್ನೊಂದು ಮಾತು. ಈಚಿನ ಎನ್‌ವಿಡಿಯಾ ಕಾರ್ಡುಗಳು ಬಿಸಿ ನೋಡಿ ತಮ್ಮ ವೇಗವನ್ನು ತಾವೇ ಏರಿಳಿಸಿಕೊಳ್ಳುತ್ತವೆ. ವೇಗ ಏರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ ನೀವು ಇಟ್ಟ ಅಂಕಿಯೇ ಬೇರೆ, ಆ ಗಳಿಗೆಗೆ ಓಡುತ್ತಿರುವ ಅಂಕಿಯೇ ಬೇರೆ. 68 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ ಕಾರ್ಡನ್ನೂ 84 ಡಿಗ್ರಿಯಲ್ಲಿ ದುಡಿಯುವ ಕಾರ್ಡನ್ನೂ ಎರಡು ಬೇರೆ ಕಾರ್ಡುಗಳೆಂದೇ ಲೆಕ್ಕ ಹಿಡಿಯಿರಿ.

ಕುಷ್ಟಗಿ, ಯಲಬುರ್ಗಾದ ಒಣಭೂಮಿಯವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರು ಕೊರೆಸಿದ ದಿನ "ಎರಡಿಂಚು ನೀರು ಬಿದ್ದಾವ" ಎಂದು ಊರೆಲ್ಲ ಸಂಭ್ರಮ. ನಿಮ್ಮ ಅಪ್ಪ, ದೊಡ್ಡಪ್ಪ ಆ ಎರಡಿಂಚಿನ ಮಾತಿಗೆ ದಾಳಿಂಬೆ ಸಸಿ ತಂದು ನೆಡಲಿಲ್ಲ. ಮೋಟಾರು ಇಳಿಸಿ, ರಾತ್ರಿಯೆಲ್ಲ ಓಡಿಸಿ, ಬೆಳಗಿನ ಜಾವ ಪೈಪಿನ ಬಾಯಿಗೆ ಕೈ ಹಿಡಿದು ನೋಡಿದರು. ನೀರು ಬಿಟ್ಟು ಬಿಟ್ಟು ಬರುತ್ತಿದೆಯೇ, ಕೆಂಪಗಾಗಿದೆಯೇ, ಇದೇ ಬೋರು ಶಿವರಾತ್ರಿ ದಾಟಿದ ಮೇಲೂ ಎತ್ತೀತೇ ಎಂದು ಯೋಚಿಸಿದರು. ಆ ಮನೆಯಲ್ಲಿ ಬೆಳೆದ ನೀವು ಗ್ರಾಫಿಕ್ಸ್ ಕಾರ್ಡಿನ ವಿಷಯ ಬಂದಾಗ ಹತ್ತು ನಿಮಿಷಕ್ಕೆ ಎದ್ದುಬಿಡುತ್ತೀರಲ್ಲ, ಅದೇ ನನ್ನ ಸಂಕಟ.

ಗಂಗಾವತಿಯ ಕೆಲವರು ಹೇಳುವುದುಂಟು, "ಅಣ್ಣಾ, ನಾವು ಫರ್‌ಮಾರ್ಕ್ ಹಚ್ಚಿ ನೋಡೇವಿ, ಅದಕ್ಕಿಂತ ದೊಡ್ಡ ಟೆಸ್ಟ್ ಯಾವುದೈತಿ?" ಆ ತುಪ್ಪಳದ ಉಂಗುರ ತಿರುಗಿಸುವ ಟೆಸ್ಟ್ ಕಾರ್ಡನ್ನು ಕಾಯಿಸುವುದರಲ್ಲಿ ಗಟ್ಟಿ, ಒಪ್ಪುತ್ತೇನೆ. ನಿಮ್ಮ ಫ್ಯಾನು, ಹೀಟ್‌ಸಿಂಕು, ಥರ್ಮಲ್ ಪೇಸ್ಟು ಸರಿಯಿವೆಯೇ ಎಂದು ತಿಳಿಯಲು ಅದು ಬೇಕು. ಗಿರಣಿಗಳ ಊರಲ್ಲಿ ಅಕ್ಕಿಯ ತೌಡು, ಹೊಟ್ಟಿನ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂತಿರುತ್ತದೆ. ಅದನ್ನು ಬ್ಲೋವರ್ ಹಿಡಿದು ಊದದೆ ಯಾವ ಟೆಸ್ಟನ್ನೂ ಶುರು ಮಾಡಬೇಡಿ. ಆದರೆ ಫರ್‌ಮಾರ್ಕಿನ ಭಾರಕ್ಕೆ ಕಾರ್ಡು ತನ್ನ ಕರೆಂಟಿನ ಮಿತಿ ಮುಟ್ಟಿ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನೀವು ಏರಿಸಿದ ಮೇಲ್ತುದಿಯ ವೇಗಕ್ಕೆ ಅದು ಹೋಗುವುದೇ ಇಲ್ಲ. ಆ ತುದಿಗೆ ಹೋಗುವುದು ಹಗುರ ಕೆಲಸದಲ್ಲಿ. ಹಳೆಯ ಗೇಮಿನ ಮೆನು, ಸಣ್ಣ ದೃಶ್ಯ, ಭಾರ ಇಳಿದು ಮತ್ತೆ ಏರುವ ತಿರುವು. ಭರ್ತಿ ಭತ್ತ ಹೇರಿದ ಟ್ರ್ಯಾಕ್ಟರ್ ದಿಬ್ಬ ಏರುವಾಗ ನಿಧಾನವಾಗಿಯೇ ಏರುತ್ತದೆ, ಪಲ್ಟಿಯಾಗುವುದು ಖಾಲಿ ಟ್ರಾಲಿಯೊಂದಿಗೆ ಜೋರಾಗಿ ಇಳಿಜಾರಿನ ತಿರುವು ಹಿಡಿದಾಗ. ಅದಕ್ಕೇ ಎರಡು ಬಗೆಯದೂ ಬೇಕು. ಬಿಡದೆ ಕಾಯಿಸುವುದೊಂದು, ಏರಿಳಿಸುವುದೊಂದು. ತ್ರೀಡಿಮಾರ್ಕಿನ ಸ್ಟ್ರೆಸ್ ಟೆಸ್ಟ್ ಒಂದೇ ದೃಶ್ಯವನ್ನು 20 ಸುತ್ತು ಓಡಿಸಿ, ಸುತ್ತಿನಿಂದ ಸುತ್ತಿಗೆ ಫ್ರೇಮಿನ ವೇಗ 97 ಪರ್ಸೆಂಟಾದರೂ ಸಮ ಇದ್ದರೆ ಪಾಸು ಅನ್ನುತ್ತದೆ. ಒಳ್ಳೆಯ ಅಳತೆ, ಆದರೆ ಆರಂಭದ ಅಳತೆ. ಯುನಿಜಿನ್ ಸೂಪರ್‌ಪೊಸಿಷನ್ ಎಂಬ ಟೆಸ್ಟೂ ಆರಂಭಕ್ಕಷ್ಟೇ. ಅವು ಮುಗಿದ ಮೇಲೆ ನಿಮ್ಮ ನಿಜವಾದ ಕೆಲಸವನ್ನು ಹಚ್ಚಿ, ಆ ಕೆಲಸ ಎಷ್ಟು ತಾಸಿನದೋ ಅದರ ಎರಡು ಪಟ್ಟು ತಾಸು ಬಿಡಿ.

ಮೆಮೊರಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ನಾನು ಮುಗ್ಗರಿಸಿದ್ದು ಅಲ್ಲೇ. ಕೋರ್ ವೇಗ ಹೆಚ್ಚಾದರೆ ಸಾಮಾನ್ಯವಾಗಿ ಕಾರ್ಡು ಬಿದ್ದು ತಿಳಿಸುತ್ತದೆ. ಪರದೆ ಕಪ್ಪಾಗುತ್ತದೆ. ಕಾರ್ಡು ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಎಬ್ಬಿಸಿ ಕೂರಿಸಿ, ಈವೆಂಟ್ ವ್ಯೂವರ್‌ನಲ್ಲಿ 4101 ಎಂದು ಬರೆದಿಡುತ್ತದೆ. ಟೆಸ್ಟ್ ಮುಗಿದ ಮೇಲೆ ಅಲ್ಲಿ ಹೋಗಿ ನೋಡುವ ರೂಢಿ ಮಾಡಿಕೊಳ್ಳಿ, ನೀವು ಚಹಾ ಕುಡಿಯಲು ಹೋದಾಗ ಬಿದ್ದು ಎದ್ದಿದ್ದರೂ ಗೊತ್ತಾಗುತ್ತದೆ. ಮೆಮೊರಿ ಹಾಗೆ ಸದ್ದು ಮಾಡುವುದಿಲ್ಲ. ಹಲವು ಕಾರ್ಡುಗಳಲ್ಲಿ ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿಯಲ್ಲಿ ತಪ್ಪು ಕಂಡರೆ ಅದೇ ಮಾಹಿತಿಯನ್ನು ಮತ್ತೆ ಕಳಿಸುವ ವ್ಯವಸ್ಥೆ ಇದೆ. ಆ ಹಂತದಲ್ಲಿ ಚಿತ್ರ ಚೊಕ್ಕವಾಗಿಯೇ ಇರುತ್ತದೆ, ಆದರೆ ಮತ್ತೆ ಮತ್ತೆ ಕಳಿಸುವುದರಲ್ಲಿ ಹೊತ್ತು ಹೋಗಿ, ವೇಗ ಏರಿಸಿದಷ್ಟೂ ಟೆಸ್ಟಿನ ಅಂಕ ಇಳಿಯುತ್ತದೆ. ಆದ್ದರಿಂದ ಪ್ರತಿ ಸಲ ಮೆಮೊರಿ ಏರಿಸಿದಾಗಲೂ ಅಂಕ ಬರೆದಿಡಿ. ಅಂಕ ನಿಂತ ಜಾಗ ದಾಟಬೇಡಿ. ಇನ್ನು ಕಾರ್ಡು ತೋರಿಸುವ ಬಿಸಿ ಬಹಳಷ್ಟು ಹಳೆಯ ಕಾರ್ಡುಗಳಲ್ಲಿ ನಡುವಿನ ಚಿಪ್ಪಿನದು ಮಾತ್ರ. ಸುತ್ತ ಕೂತ ಮೆಮೊರಿ ಎಷ್ಟು ಕಾದಿದೆ ಎಂಬುದನ್ನು ಅವು ತೋರಿಸುವುದೇ ಇಲ್ಲ.

ಮನೆ ಮನೆಯ ಕಂಪ್ಯೂಟರುಗಳ ಬಿಡುವಿನ ಹೊತ್ತನ್ನು ಪ್ರೋಟೀನ್ ಸಂಶೋಧನೆಗೆ ಬಳಸುವ ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆ ಇದೆ. ಸ್ಟ್ಯಾನ್‌ಫರ್ಡಿನ ಇಮ್ರಾನ್ ಹಕ್ ಮತ್ತು ವಿಜಯ್ ಪಾಂಡೆ ಅದರ ಮೂಲಕವೇ 20,000ಕ್ಕೂ ಹೆಚ್ಚು ಕಂಪ್ಯೂಟರುಗಳ ಗ್ರಾಫಿಕ್ಸ್ ಮೆಮೊರಿಯನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷಿಸಿದ ಕಾರ್ಡುಗಳಲ್ಲಿ ಮೂರರಲ್ಲಿ ಎರಡು ಪಾಲು ಮೆಮೊರಿಯಲ್ಲಿ ಸದ್ದಿಲ್ಲದ ತಪ್ಪು ಮಾಡುತ್ತಿದ್ದವು. ಓವರ್‌ಕ್ಲಾಕಿನ ಲೆಕ್ಕ ತೆಗೆದರೂ ಆ ತಪ್ಪುಗಳು ಉಳಿದವು. ಅದನ್ನು ಓದಿದ ಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಯಾವ ಕಾರ್ಡು ಕೈಗೆ ಬಂದರೂ ಮೊದಲು ಕಂಪನಿ ಇಟ್ಟ ವೇಗದಲ್ಲೇ ಪೂರ್ತಿ ಪರೀಕ್ಷೆ. ಅದರಲ್ಲೇ ತಪ್ಪು ಮಾಡುವ ಕಾರ್ಡನ್ನು ಏರಿಸುವ ಮಾತು ಎಲ್ಲಿಂದ ಬಂತು? ಸೆಕೆಂಡ್ ಹ್ಯಾಂಡ್ ಕಾರ್ಡಿಗಂತೂ ಈ ನಿಯಮ ಬೇಕೇ ಬೇಕು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯ 2022ರ ಸೆಪ್ಟೆಂಬರ್ 15ರಂದು ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಬಿಟ್ಟ ಮೇಲೆ ರಾಶಿ ರಾಶಿ ಹಳೆಯ ಕಾರ್ಡುಗಳು ಪೇಟೆಗೆ ಬಂದವು, ಅವುಗಳಲ್ಲಿ ಕೆಲವು ನಮ್ಮ ಕಡೆಗೂ ಇಳಿದಿವೆ. "ಒಂದಿನಾನೂ ಗೇಮ್ ಆಡಿಲ್ಲ" ಎಂದು ಮಾರುವವನು ಸುಳ್ಳು ಹೇಳದೇ ಇರಬಹುದು. ಹಗಲೂ ರಾತ್ರಿ ಮೈನಿಂಗಿನಲ್ಲಿ ದುಡಿದದ್ದನ್ನು ಅವನು ಹೇಳುವುದಿಲ್ಲ, ನೀವೂ ಕೇಳುವುದಿಲ್ಲ.

ಕರೆಂಟಿನ ಮಾತು ಚಿಕ್ಕದಾಗಿ. ನಿಮ್ಮ ಓಣಿಯ ಹಿಟ್ಟಿನ ಗಿರಣಿಯ ಮೋಟಾರು ಶುರುವಾದಾಗ ಟ್ಯೂಬ್‌ಲೈಟ್ ಒಮ್ಮೆ ಮಿಣುಕುತ್ತದಲ್ಲ, ಆ ಹೊತ್ತಿಗೂ ನಿಮ್ಮ ಟೆಸ್ಟ್ ಓಡುತ್ತಿರಲಿ. ಕಾರ್ಡಿಗೆ 12 ವೋಲ್ಟ್ ಕೊಡುವ ಎಸ್‌ಎಂಪಿಎಸ್ ಅಗ್ಗದ್ದಾಗಿದ್ದರೆ ಡಬ್ಬಿಯ ಮೇಲೆ ಬರೆದ ವ್ಯಾಟ್ ಅದರ ಹೊಟ್ಟೆಯಲ್ಲಿ ಇರುವುದಿಲ್ಲ. ಕಾರ್ಡು ಕೆಟ್ಟಿದೆ ಎಂದು ನನ್ನ ಹತ್ತಿರ ಬಂದವುಗಳಲ್ಲಿ ಎಷ್ಟೋ ಸಲ ಕೆಟ್ಟಿದ್ದು ಎಸ್‌ಎಂಪಿಎಸ್.

ನಾಲ್ಕು ತಾಸು ಚೊಕ್ಕವಾಗಿ ಓಡಿತು, ನಡುವೆ ಒಂದೇ ಒಂದು ಸಲ ಚುಕ್ಕಿ ಬಂತು, "ಇರ್ಲಿ ಬಿಡಣ್ಣಾ, ಒಂದ ಸಲ ಅಲ್ಲ" ಎನ್ನುವವರಿಗೆ ನಾನು ಮುನಿರಾಬಾದಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿನ, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿಗೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಉಳಿದ 32 ಗೇಟುಗಳು ಗಟ್ಟಿಯಾಗಿಯೇ ನಿಂತಿದ್ದವು. ಗಂಗಾವತಿ, ಕಾರಟಗಿಯ ಗದ್ದೆಗಳವರಿಗೆ ಆ ವಾರ ನಿದ್ದೆ ಇರಲಿಲ್ಲ. ತುಂಬಿದ ಕೆರೆಯಂತಿದ್ದ ಜಲಾಶಯದಿಂದ ನೀರು ಹರಿಬಿಟ್ಟು, ಕನ್ನಯ್ಯ ನಾಯ್ಡು ಅವರಂಥ ಹಿರಿಯ ಎಂಜಿನಿಯರ್ ಬಂದು ನಿಂತು, ಸ್ಟಾಪ್‌ಲಾಗ್ ಇಳಿಸುವವರೆಗೂ ಎಲ್ಲರ ಕಣ್ಣು ಆ ಒಂದು ಗೇಟಿನ ಮೇಲೆ. ಕಾರ್ಡಿನ ಒಳಗೂ ಹಾಗೆಯೇ. 2016ರಲ್ಲಿ ಬಂದು ನಮ್ಮ ಊರುಗಳಲ್ಲಿ ಇಂದಿಗೂ ದುಡಿಯುತ್ತಿರುವ ಜಿಟಿಎಕ್ಸ್ 1060 ಕಾರ್ಡಿನ 6 ಜಿಬಿ ಮಾದರಿಯಲ್ಲಿ 1,280 ಕೋರು, ಚಿಪ್ಪಿನ ತುಂಬ 440 ಕೋಟಿ ಟ್ರಾನ್ಸಿಸ್ಟರು. ಅವುಗಳಲ್ಲಿ ಎಲ್ಲಕ್ಕಿಂತ ನಿಧಾನದ ಒಂದು ದಾರಿ ಎಷ್ಟು ತಡೆಯುತ್ತದೋ ಇಡೀ ಕಾರ್ಡು ಅಷ್ಟೇ ತಡೆಯುತ್ತದೆ. ಆ ಒಂದು ಚುಕ್ಕಿ 19ನೇ ಗೇಟು. ಅದು ಕಂಡರೆ ಇಳಿಸಿ.

ಎಡಿಟಿಂಗ್ ಮಾಡುವವರಿಗಾಗಿ ಒಂದು ಪರೀಕ್ಷೆ ಹೇಳುತ್ತೇನೆ, ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಒಂದು ತಾಸಿನ ಹಳೆಯ ಮದುವೆಯನ್ನು ಕಂಪನಿಯ ವೇಗದಲ್ಲಿ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಮಧ್ಯಾಹ್ನ ಎರಡಕ್ಕೆ ಕಿಟಕಿ ಮುಚ್ಚಿ, ಕ್ಯಾಬಿನೆಟ್ಟಿನ ಬಾಗಿಲು ಹಾಕಿ, ಏರಿಸಿದ ವೇಗದಲ್ಲಿ ಅದನ್ನೇ ಇನ್ನೊಮ್ಮೆ ಮಾಡಿ. ಎರಡನ್ನೂ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನದಕ್ಕೆ ಡಿಫರೆನ್ಸ್ ಬ್ಲೆಂಡ್ ಕೊಡಿ. ಗ್ರೇನ್‌ನಂಥ ಎಫೆಕ್ಟ್ ತೆಗೆದಿರಬೇಕು, ಅದು ಪ್ರತಿ ಸಲ ಬೇರೆಯೇ ಬರಬಹುದು. ಎರಡೂ ಒಂದೇ ಆಗಿದ್ದರೆ ಪರದೆ ಕಡುಗಪ್ಪು. ಎಲ್ಲಿ ತಪ್ಪಾಗಿದೆಯೋ ಅಲ್ಲಿ ಮಾತ್ರ ಬೆಳಕು ಮಿಂಚುತ್ತದೆ. ಕತ್ತಲೆ ಖೋಲಿಯಲ್ಲಿ ಕೂತು ಆ ಕಪ್ಪು ಪರದೆಯನ್ನು ಒಂದು ತಾಸು ನೋಡುವುದು ಸುಲಭದ ಕೆಲಸವಲ್ಲ, ನನಗೆ ಗೊತ್ತು. ನಾನು ನೋಡಿದ್ದೇನೆ. ಒಂದು ಮಿಂಚು ಕಂಡಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಅಲ್ಲಿ ಯಾರ ಅಜ್ಜಿಯ ಕೈಯೂ ಇರುವುದಿಲ್ಲ.

ಇಷ್ಟೆಲ್ಲ ಯಾಕೆ, ಎಷ್ಟು ಸಿಗುತ್ತದೆ ಎಂದೂ ಲೆಕ್ಕ ಹಾಕೋಣ. ಚಿಪ್ಪು ಹೊರಹಾಕುವ ಶಾಖ ವೇಗದ ಜೊತೆ ನೇರವಾಗಿ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ಹತ್ತು ಪರ್ಸೆಂಟ್ ಏರಿಸಿ ವೇಗ ಐದು ಪರ್ಸೆಂಟ್ ಏರಿಸಿದಿರಿ ಅನ್ನಿ. ಶಾಖ ಸುಮಾರು 27 ಪರ್ಸೆಂಟ್ ಹೆಚ್ಚಾಯಿತು. ನಾಲ್ಕು ತಾಸಿನ ರೆಂಡರಿನಲ್ಲಿ ಉಳಿದದ್ದು ಹೆಚ್ಚೆಂದರೆ ಹನ್ನೆರಡು ನಿಮಿಷ. ನಾನು ಓವರ್‌ಕ್ಲಾಕ್ ಬೇಡ ಎನ್ನುವವನಲ್ಲ. ಕಡಿಮೆ ದುಡ್ಡಿಗೆ ತಂದ ಕಾರ್ಡಿನಿಂದ ಸ್ವಂತ ಬುದ್ಧಿಯಿಂದ ಹೆಚ್ಚು ತೆಗೆಯುವ ಹುಡುಗರನ್ನು ಕಂಡರೆ ನನಗೆ ಹೆಮ್ಮೆ. ಚಿಪ್ಪು, ವೋಲ್ಟೇಜು, ಬಿಸಿ ಇವುಗಳ ಸಂಬಂಧವನ್ನು ನಾನು ಕಲಿತದ್ದೂ ಹಾಗೆಯೇ. ಬೇಸಿಗೆಗೆ ಮಾತ್ರ ಬೇರೆ ಪ್ರೊಫೈಲ್ ಇಡಿ. ಯುಗಾದಿಯಿಂದ ಮುಂಗಾರಿನವರೆಗೆ ಕಂಪನಿಯ ವೇಗ ಸಾಕು, ಅಥವಾ ಅದೇ ವೇಗಕ್ಕೆ ವೋಲ್ಟೇಜ್ ಇಳಿಸಿ. ಇಳಿಸಿದ್ದನ್ನೂ ಏರಿಸಿದ್ದರಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು, ಅದನ್ನು ಮರೆಯಬೇಡಿ. ಏರಿಸುವಾಗ 25 ಮೆಗಾಹರ್ಟ್ಸಿನ ಹೆಜ್ಜೆ. ಒಮ್ಮೆಗೆ ಕೋರ್ ಒಂದೇ, ಇಲ್ಲವೇ ಮೆಮೊರಿ ಒಂದೇ. ಎರಡನ್ನೂ ಒಟ್ಟಿಗೆ ಏರಿಸಿದರೆ ಬಿದ್ದಾಗ ಯಾವುದು ಬಿತ್ತೆಂದು ಹೇಗೆ ಹೇಳುತ್ತೀರಿ? ಬಿದ್ದ ಜಾಗದಿಂದ ಎರಡು ಮೂರು ಹೆಜ್ಜೆ ಹಿಂದೆ ಬಂದು ಅಲ್ಲಿ ನೆಲೆ ಮಾಡಿ. ಬಿದ್ದ ಜಾಗವೇ ಗೊತ್ತಿಲ್ಲದವನಿಗೆ ಎಷ್ಟು ಹಿಂದೆ ಬರಬೇಕೆಂಬುದೂ ಗೊತ್ತಾಗುವುದಿಲ್ಲ.

ಬೇರೆಯವರ ಕಂಪ್ಯೂಟರಿಗೆ ಏರಿಸಿ ಕೊಡುವಾಗ ಒಂದು ಚೀಟಿ ಬರೆದು ಒಳಗೆ ಅಂಟಿಸಿ. ಎಷ್ಟು ಏರಿಸಿದ್ದೇನೆ, ಯಾವ ತಿಂಗಳು, ಖೋಲಿಯ ಬಿಸಿ ಎಷ್ಟಿತ್ತು, ಎಷ್ಟು ತಾಸು ಓಡಿಸಿದೆ. "ಸ್ಟೇಬಲ್" ಎಂಬ ಮಾತು ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ, ಚೀಟಿಯಲ್ಲಿ ಬರೆಯಲು ಹೋದಾಗ ಕೈ ತಡೆಯುತ್ತದೆ.

ಈ ಪತ್ರ ಬರೆಯುವ ಹಿಂದಿನ ದಿನ ಯಲಬುರ್ಗಾದ ಹುಡುಗನೊಬ್ಬ ಫೋನ್ ಮಾಡಿದ್ದ. ಫ್ಲೆಕ್ಸ್ ಡಿಸೈನ್ ಅಂಗಡಿಯಲ್ಲಿ ಕೂರುತ್ತಾನೆ, ಸಂಜೆ ಮದುವೆ ವಿಡಿಯೊ ಮಾಡುವುದನ್ನು ಕಲಿಯುತ್ತಿದ್ದಾನೆ. ದನಿ ಸಪ್ಪಗಿತ್ತು. "ಅಣ್ಣಾ, ಮೂರನೇ ತಾಸಿಗೆ ಬಿತ್ತು. ಡಿಫರೆನ್ಸ್ ಹಚ್ಚಿ ನೋಡಿದ್ರ ಅದಕ್ಕಿಂತ ಮೊದಲ ಎರಡು ಕಡೆ ಬೆಳಕು ಬಂದಾವ."

"ಭಾಳ ಚಲೋ ಆತು ತಮ್ಮಾ" ಅಂದೆ.

ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಕೀಬೋರ್ಡಿನ ಸದ್ದು ಕೇಳಿಸಿತು. "25 ಇಳಿಸೇನಿ ಅಣ್ಣಾ. ಕಿಡಕಿ ಮುಚ್ಚಿ ಮತ್ತ ಹಚ್ಚತೀನಿ."

ಇಂತಿ,
ನಿಮ್ಮ ಅಣ್ಣ
ಕುಷ್ಟಗಿ